ಶಾಂತವ್ವನ ಹೆಸರಿನಲ್ಲಿ ಕೊಟ್ಟ ರಕ್ತ

ನನಗೆ ಸಕ್ಕರೆ ಕಾಯಿಲೆ ಇದೆ. ಇಷ್ಟನ್ನು ನೇರವಾಗಿ ಹೇಳಲು ನನಗೆ ಒಂದು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಕಾಯಿಲೆ ಬಂದವರು ತಮ್ಮ ಕಥೆ ಬರೆಯುವಾಗ ಧೈರ್ಯದ ಮಾತು ನಾಲ್ಕು ಬರೆಯುತ್ತಾರೆ. ನನ್ನ ಹತ್ತಿರ ಅಂಥದ್ದೇನೂ ಇಲ್ಲ. ನನ್ನ ಕಾಯಿಲೆಯ ಮೊದಲ ವರ್ಷವನ್ನು ನನ್ನ ಬದಲಾಗಿ ನನ್ನ ಮೈದುನನ ಹೆಂಡತಿ ಶಾಂತವ್ವ ಅನುಭವಿಸಿದಳು. ಆ ವರ್ಷವೆಲ್ಲ ನಾನು ಅವಳ ಪಕ್ಕದಲ್ಲೇ ಕುಳಿತು ಹೋಳಿಗೆ ತಿಂದೆ. ರಿಪೋರ್ಟನ್ನು ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಇಟ್ಟು ಸುಮ್ಮನೆ ಓಡಾಡುವ ಹೆಂಗಸರು ನಮ್ಮ ಕಡೆ ಬಹಳ ಇದ್ದಾರೆ. ಅವರಲ್ಲಿ ಒಬ್ಬಳಾದರೂ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಬನಹಟ್ಟಿಯ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಹದಿನೆಂಟು ವರ್ಷದಿಂದ ಅದೇ ಕೆಲಸ. ಎಂಥ ಸಣ್ಣ ನರವಾದರೂ ಬೆರಳಿಟ್ಟು ಹುಡುಕುತ್ತೇನೆ. 'ಮಾದೇವಕ್ಕ ಚುಚ್ಚಿದರ ಗೊತ್ತೇ ಆಗಾಂಗಿಲ್ಲ' ಎಂದು ಜನ ಹೇಳಿದರೆ ನನಗೆ ಒಳಗೊಳಗೇ ಖುಷಿ. ಆದರೆ ನನ್ನದೇ ರಕ್ತವನ್ನು ನಾಲ್ಕೈದು ವರ್ಷದಿಂದ ನೋಡಿರಲಿಲ್ಲ. ನೋಡದಿರಲು ಕಾರಣವಿತ್ತು. ಲೋಕಾಪುರದಲ್ಲಿದ್ದ ನನ್ನ ತಾಯಿ ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವಳು. ಹೆಬ್ಬೆರಳಿನ ಹುಣ್ಣನ್ನು ಎರಡು ತಿಂಗಳು ಸೀರೆಯ ಅಂಚಿನಡಿ ಮುಚ್ಚಿಟ್ಟಿದ್ದಳು. ನಮಗೆ ಗೊತ್ತಾಗುವ ಹೊತ್ತಿಗೆ ಮೊಣಕಾಲಿನವರೆಗೆ ತೆಗೆಯಬೇಕಾಯಿತು.

ಎರಡು ವರ್ಷದ ಹಿಂದೆ ಒಂದು ವೈದ್ಯಕೀಯ ಕಾಲೇಜಿನ ತಂಡ ನಮ್ಮ ಲ್ಯಾಬಿಗೆ ಬಂತು. ಅದರ ಮುಖ್ಯಸ್ಥೆ ಡಾಕ್ಟರ್ ರೇಖಾ. ವಿಜಯಪುರದ ಕಡೆಯವರು, ಮೆಲ್ಲಗೆ ಮಾತಾಡುವ ಹೆಂಗಸು. ಸಕ್ಕರೆ ಇನ್ನೂ ಏರದವರ ರಕ್ತದಲ್ಲಿ ಅಮೈನೋ ಆಮ್ಲಗಳನ್ನು ಅಳೆದು, ಮುಂದೆ ಯಾರಿಗೆ ಸಕ್ಕರೆ ಕಾಯಿಲೆ ಬರುವ ಸಂಭವವಿದೆ ಎಂದು ನೋಡುವುದು ಅವರ ಕೆಲಸ. ಮೊದಲು ಇಂಥ ತಪಾಸಣೆಗೆ ರಕ್ತ ದೊಡ್ಡ ಊರಿಗೆ ಹೋಗಿ ದಿನಗಟ್ಟಲೆ ಕಾಯಬೇಕಿತ್ತಂತೆ. ಅವರ ಹೊಸ ಯಂತ್ರಕ್ಕೆ ಒಂದು ಸ್ಯಾಂಪಲ್ಲಿಗೆ ಕೆಲವೇ ನಿಮಿಷ ಸಾಕು. ನೇಕಾರರ ಮನೆಗಳಿಂದ ನಲವತ್ತು ಜನರನ್ನು ಒಪ್ಪಿಸಿ, ಪಟ್ಟಿ ಮಾಡಿ, ಒಂದು ದಿನ ಗೊತ್ತು ಮಾಡುವ ಜವಾಬ್ದಾರಿ ನನಗೆ ಬಂತು. ಅವರೆಲ್ಲರ ಸಕ್ಕರೆಯನ್ನು ಒಂದು ವಾರ ಮೊದಲೇ ನೋಡಿಯಾಗಿತ್ತು. ಲ್ಯಾಬಿನವರನ್ನು ಪಟ್ಟಿಗೆ ಸೇರಿಸುವಂತಿರಲಿಲ್ಲ.

ದಿನ ಗೊತ್ತು ಮಾಡುವಾಗ ನಾನು ಬಹಳ ಜಾಣೆಯಾದೆ. ಅಮವಾಸ್ಯೆ ಇಡ್ರಿ ಎಂದೆ. ಅವತ್ತು ನಮ್ಮ ಓಣಿಯಲ್ಲಿ ಮಗ್ಗ ನಿಲ್ಲುತ್ತವೆ, ಎಲ್ಲರೂ ಮನೆಯಲ್ಲಿರುತ್ತಾರೆ. ಪೂಜೆಯಾಗಿ ನೈವೇದ್ಯ ಹಿಡಿಯುವವರೆಗೆ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ಖಾಲಿ ಹೊಟ್ಟೆಯ ರಕ್ತ ಬೇಕೆಂದವರಿಗೆ ಇದಕ್ಕಿಂತ ಒಳ್ಳೆಯ ದಿನ ಯಾವುದು? ಡಾಕ್ಟರು ನಕ್ಕು, "ಊರಿನವರ ಬುದ್ಧಿ ಅಂದ್ರ ಇದು ನೋಡ್ರಿ" ಅಂದರು. ನಾನು ಉಬ್ಬಿದೆ. ಹಿಂದಿನ ದಿನ ಸಂಜೆಯೇ ನಲವತ್ತು ಟ್ಯೂಬುಗಳ ಮೇಲೆ ಹೆಸರು ಬರೆದು ಸಾಲಾಗಿ ಜೋಡಿಸಿಟ್ಟೆ. ರಕ್ತ ತೆಗೆದ ಮೇಲೆ ಹೆಸರು ಬರೆಯಬೇಕೆಂಬುದು ಈ ಕೆಲಸದ ಮೊದಲ ಪಾಠ. ಹದಿನೆಂಟು ವರ್ಷದವಳಿಗೆ ಪಾಠ ಯಾಕೆ ಬೇಕು?

ಅಮವಾಸ್ಯೆಯ ಮುಂಜಾನೆ ಸಮುದಾಯ ಭವನಕ್ಕೆ ಗಂಡಸರು ಬಂದರು, ಹೆಂಗಸರು ಬರಲಿಲ್ಲ. ನಾನು ಮರೆತಿದ್ದು ಅದನ್ನೇ. ಅಮವಾಸ್ಯೆ ದಿನ ಮನೆಯ ಸೊಸೆಯರ ರಕ್ತ ಹೊರಗೆ ಹೋಗಬಾರದು ಎಂದು ಓಣಿಯ ಮುದುಕಿಯರೆಲ್ಲ ಪಟ್ಟು ಹಿಡಿದಿದ್ದರು. ಅವರ ಮುಂದಾಳು ನನ್ನ ಅತ್ತೆಯೇ. ಮನೆಮನೆಗೆ ಓಡಿ, ಕೈಮುಗಿದು, ಒಬ್ಬೊಬ್ಬರನ್ನೇ ಕರೆತಂದೆ. ಹನ್ನೊಂದರ ಹೊತ್ತಿಗೆ ಮೂವತ್ತೊಂಬತ್ತು ಟ್ಯೂಬು ತುಂಬಿದವು. ಉಳಿದ ಒಂದರ ಮೇಲೆ ನನ್ನ ಕೈಬರಹದಲ್ಲಿ 'ಶಾಂತವ್ವ' ಎಂದಿತ್ತು.

ಮನೆಗೆ ಹೋಗಿ ನೋಡಿದರೆ ಶಾಂತವ್ವ ಹೂರಣ ರುಬ್ಬುತ್ತಿದ್ದಳು. ನನ್ನನ್ನು ಕಂಡು ಅತ್ತೆಯ ಕಡೆ ಕಣ್ಣು ತೋರಿಸಿ ಮುಸಿನಕ್ಕಳು. ಅತ್ತೆ ಬಾಗಿಲಲ್ಲೇ ಕುಳಿತಿದ್ದರು.

"ನೀ ದಿನಾ ಊರ ಮಂದಿ ರಕ್ತ ತಗೀತಿ, ನಾ ಏನರ ಅಂದೇನೇನ?" ಎಂದರು ಅತ್ತೆ. "ಇವತ್ತ ಅಮಾಸಿ. ನನ್ನ ಮನಿ ಸೊಸಿ ರಕ್ತ ಕೊಡಾಂಗಿಲ್ಲ. ನಾಳೆ ಬೇಕಾದ್ರ ಕೊಡಬಿಂದಗಿ ತುಂಬ ತಗೊಂಡ ಹೋಗು."

ನಾನು ಬರಿಗೈಲಿ ಭವನಕ್ಕೆ ಬಂದೆ. ಡಾಕ್ಟರು ಹೊರಗಿನ ಕಟ್ಟೆಯ ಮೇಲೆ ಫೋನಿನಲ್ಲಿದ್ದರು. ಕೈಯಿಂದಲೇ 'ಇರಲಿ ಬಿಡ್ರಿ, ಸಾಕು' ಎಂಬಂತೆ ಸನ್ನೆ ಮಾಡಿದರು. ನಾನು ಒಳಗಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡೆ. ರಬ್ಬರ್ ಪಟ್ಟಿಯ ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು ಎಡತೋಳಿಗೆ ಬಿಗಿದೆ. ಚುಚ್ಚಿದೆ. ಶಾಂತವ್ವನ ಹೆಸರಿನ ಟ್ಯೂಬಿಗೆ ನನ್ನ ರಕ್ತ ತುಂಬಿ, ಉಳಿದವುಗಳ ಜೊತೆ ಐಸ್ ಡಬ್ಬಿಯಲ್ಲಿಟ್ಟೆ. ನಲವತ್ತು ಆಗಲಿ ಎಂದು ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದು ನಾಲ್ಕು ಹೋಳಿಗೆ ಉಂಡೆ.

ಮರುದಿನವೇ ಡಾಕ್ಟರು ನಮ್ಮ ಮನೆಗೆ ಬಂದರು. ನಲವತ್ತರಲ್ಲಿ ಕೆಲವರ ರಿಪೋರ್ಟು ಚೆನ್ನಾಗಿಲ್ಲ, ಅಂಥವರಿಗೆ ಮನೆಯಲ್ಲೇ ಕೂತು ತಿಳಿಸಿ ಹೇಳುವುದು ಅವರ ಪದ್ಧತಿ. ಅತ್ತೆ ಚಾಪೆ ಹಾಸಿದರು. ಡಾಕ್ಟರು ಶಾಂತವ್ವನ ಎದುರು ಕುಳಿತರು.

"ಶಾಂತವ್ವಾರ, ಹೆದರಬ್ಯಾಡ್ರಿ. ನಿಮ್ಮ ಸಕ್ಕರಿ ಇವತ್ತ ಸರಿ ಐತಿ. ಆದ್ರ ರಕ್ತದಾಗ ಕೆಲವು ಅಮೈನೋ ಆಮ್ಲ ಭಾಳ ಅದಾವ. ಸಕ್ಕರಿ ಏರೂಕಿಂತ ಮೊದಲ ಇವು ಏರತಾವ. ಈಗ ನೀವು ಎಚ್ಚರಾದ್ರ ಮುಂದಿಂದು ತಪ್ಪಸಬಹುದು."

"ಆಮ್ಲ ಅಂದ್ರ ಹುಳಿ ಅಲ್ಲೇನ್ರಿ?" ಎಂದರು ಅತ್ತೆ. "ಹುಣಸಿಹಣ್ಣ ಬಿಡಸಲೇನು?"

ಹುಣಸೆಹಣ್ಣಲ್ಲ, ಬೆಲ್ಲ ಬಿಡಿಸಿ, ದಿನಾ ನಡೆಸಿ ಎಂದು ಡಾಕ್ಟರು ಸಮಾಧಾನವಾಗಿ ಹೇಳಿದರು. ನಾನು ಶಾಂತವ್ವನ ಕೈ ಹಿಡಿದು ಕುಳಿತಿದ್ದೆ. ಆ ಕ್ಷಣ ನನಗೆ ಮೊದಲು ಅನಿಸಿದ್ದು ಏನು ಎಂಬುದನ್ನು ಇಲ್ಲಿ ಬರೆಯದಿದ್ದರೆ ಈ ಬರಹವೇ ದಂಡ. ಆ ಕಾಗದದ ಮೇಲೆ ನನ್ನ ಹೆಸರಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು.

ಆಗಲೇ ಹೇಳಿಬಿಡಬೇಕಿತ್ತು. ನಾಳೆ ಹೇಳೋಣ ಎಂದುಕೊಂಡೆ. ನಾಳೆಗೆ ಲ್ಯಾಬಿನ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಬಂತು. ವಾರ ಕಳೆದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ನಾಚಿಕೆ ಬಂತು. ತಿಂಗಳಾದ ಮೇಲೆ ನಾಚಿಕೆಯೇ ರೂಢಿಯಾಯಿತು.

ಶಾಂತವ್ವ ಮಾತ್ರ ಡಾಕ್ಟರ ಮಾತನ್ನು ದೇವರ ಮಾತಿನಂತೆ ಹಿಡಿದಳು. ಚಹಾಕ್ಕೆ ಸಕ್ಕರೆ ಬಿಟ್ಟಳು. ಮುಂಜಾನೆ ರಬಕವಿ ರಸ್ತೆಯಲ್ಲಿ ಒಂದು ತಾಸು ನಡೆದು ಬಂದು ಮಗ್ಗದ ಕೋಣೆ ಸೇರುತ್ತಿದ್ದಳು. ಅತ್ತೆ ಅವಳಿಗೆ ಬೇರೆ ಪಲ್ಯ, ಬೇರೆ ತಾಟು ಮಾಡಿದರು. ಅವಳು ಅನ್ನದ ಕಡೆ ಕೈ ಚಾಚಿದರೆ ಸಾಕು, "ಏ ಶಾಂತಾ, ಸಾಯಬೇಕಂತ ಮಾಡೀ ಏನ ಬೇ?" ಎಂದು ಗದರುತ್ತಿದ್ದರು. ಓಣಿಯಲ್ಲಿ ಯಾರ ಮನೆಯಲ್ಲಿ ಹೋಳಿಗೆಯಾದರೂ ಹೂರಣದ ಹದ ನೋಡಲು ಶಾಂತವ್ವನನ್ನೇ ಕರೆಯುತ್ತಿದ್ದರು. ನಾಲಿಗೆಯ ಮೇಲೆ ಒಂದು ಚೂರಿಟ್ಟು, ಇನ್ನೊಂದು ಹಿಡಿ ಬೆಲ್ಲ ಹಾಕು, ಸಾಕು ಇಳಿಸು ಎಂದು ಹೇಳುವುದು ಅವಳ ದೊಡ್ಡಸ್ತಿಕೆ. ಆ ವರ್ಷ ಕರೆ ನಿಂತವು. ರುಚಿ ನೋಡಲಾಗದವಳನ್ನು ಕರೆದು ಅವಳ ಹೊಟ್ಟೆ ಯಾಕೆ ಉರಿಸಬೇಕು ಎಂದು ಜನ ಕರುಣೆ ತೋರಿದರು. ಅವಳು ಒಂದು ದಿನ ಅಡುಗೆಮನೆಯ ಮೂಲೆಯಲ್ಲಿ ಸುಮ್ಮನೆ ಕೂತಿದ್ದನ್ನು ನಾನು ಕಂಡೆ. ಪಕ್ಕದ ಮನೆಯಿಂದ ಬೇಳೆ ಬೇಯುವ ವಾಸನೆ ಬರುತ್ತಿತ್ತು.

ಅವತ್ತೇ ಅವಳು ಕೇಳಿದಳು. "ಅಕ್ಕಾ, ಖರೆ ಹೇಳು. ನಿಮ್ಮವ್ವನ ಕಾಲಿನಂಗ ನಂದೂ ಆಗತೈತೇನ?"

"ಹುಚ್ಚಿ, ಏನೂ ಆಗಾಂಗಿಲ್ಲ" ಎಂದೆ ನಾನು.

"ನಿನಗ ಹೆಂಗ ಗೊತ್ತ?"

ನನಗೆ ಗೊತ್ತಿದ್ದಷ್ಟು ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ. ನಾನು ಎದ್ದು ನೀರು ಕುಡಿಯಲು ಹೋದೆ.

ನೀರು ಕುಡಿಯುವುದೇ ನನ್ನ ಕೆಲಸವಾಗಿತ್ತು ಆಗ. ಎಷ್ಟು ಕುಡಿದರೂ ಗಂಟಲು ಒಣಗುತ್ತಿತ್ತು. ರಕ್ತ ಕೊಡಲು ಕುಳಿತವರನ್ನು ಅಲ್ಲೇ ಬಿಟ್ಟು ಬಚ್ಚಲಿಗೆ ಓಡುತ್ತಿದ್ದೆ. ಟ್ಯೂಬಿನ ಮೇಲಿನ ಅಕ್ಷರ ಮಸುಕಾಗಿ ಕಾಣುತ್ತಿತ್ತು. ಬಿಸಿಲು, ವಯಸ್ಸು, ಕನ್ನಡಕದ ನಂಬರು ಎಂದು ನೆಪ ಹೇಳಿಕೊಂಡೆ. ಬೇರೆ ಯಾರಾದರೂ ಇದನ್ನೇ ಬಂದು ಹೇಳಿದ್ದರೆ, ಮೊದಲು ಸಕ್ಕರೆ ನೋಡಿಸಿಕೊಳ್ರಿ ಎಂದು ನಾನೇ ಬೈದು ಕೂರಿಸುತ್ತಿದ್ದೆ. ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಬೆರಳು ಚುಚ್ಚಿ ಮೀಟರಿಗೆ ಹಿಡಿದೆ. ಅಂಕಿ ಕಂಡ ಕೂಡಲೇ ರಕ್ತ ಹಚ್ಚಿದ ಪಟ್ಟಿಯನ್ನು ಕಸದ ಡಬ್ಬಿಗೆ ಹಾಕಿದೆ. ಮೀಟರಿನ ನೆನಪಿನಿಂದಲೂ ಅದನ್ನು ಅಳಿಸಿದೆ. ತಾಯಿ ಸೀರೆಯ ಅಂಚನ್ನು ಕೆಳಗೆ ಎಳೆದುಕೊಳ್ಳುತ್ತಿದ್ದದ್ದು ನೆನಪಾಯಿತು. ನಾನು ಅವಳ ಮಗಳೇ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಮರುವಾರ ಡಾಕ್ಟರ್ ರೇಖಾ ಫೋನು ಮಾಡಿದರು. ವರ್ಷ ತುಂಬಿತು, ಶಾಂತವ್ವನನ್ನು ಜಮಖಂಡಿಯ ಆಸ್ಪತ್ರೆಗೆ ಕರೆತನ್ನಿ, ಯಂತ್ರವನ್ನು ಅಲ್ಲಿಗೇ ತಂದಿದ್ದೇವೆ, ಮತ್ತೊಮ್ಮೆ ಅಳೆಯೋಣ ಎಂದರು. ಹೋಗುವ ಹಿಂದಿನ ದಿನ ಶಾಂತವ್ವ ಏನೋ ಹುರಿಯುತ್ತಿದ್ದಳು, ಕುಟ್ಟುತ್ತಿದ್ದಳು. ನಾನು ಕೇಳಲಿಲ್ಲ. ಮುಂಜಾನೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅವಳು ದಾರಿಯುದ್ದಕ್ಕೂ ಮಾತಾಡಿದಳು. ನಾನು ಹೂಂ ಅಂದೆ.

ಶಾಂತವ್ವ ರಕ್ತ ಕೊಟ್ಟ ಮೇಲೆ ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕುಳಿತೆವು. ಇಷ್ಟು ವರ್ಷ ನಾನು ಪರದೆಯ ಆ ಬದಿಗಿದ್ದವಳು. ಈ ಬದಿಯಲ್ಲಿ ಹೊತ್ತು ಎಷ್ಟು ನಿಧಾನ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎದುರಿಗೆ ಬೀಳಗಿ ಕಡೆಯ ಒಬ್ಬ ಮುದುಕಿ ತನ್ನ ಚೀಟಿಯನ್ನು ಮಡಚುತ್ತ ಬಿಚ್ಚುತ್ತ ಕುಳಿತಿದ್ದಳು. ಗುರುತಿಲ್ಲದಿದ್ದರೂ ಶಾಂತವ್ವ ಅವಳಿಗೆ, "ಹೆದರಬ್ಯಾಡಬೇ, ಇವರು ಭಾಳ ಛಲೋ ಮಂದಿ" ಎಂದು ಧೈರ್ಯ ಹೇಳಿದಳು. ಅರ್ಧ ತಾಸಿಗೆ ಡಾಕ್ಟರೇ ಕಾಗದ ಹಿಡಿದು ಹೊರಗೆ ಬಂದರು.

"ಶಾಂತವ್ವಾರ, ಗೆದ್ದೀರಿ ನೋಡ್ರಿ. ಎಲ್ಲಾ ಇಳದಾವ. ಇಷ್ಟ ಇಳೀತಾವಂತ ನಾವೂ ಅಂದಕೊಂಡಿರಲಿಲ್ಲ. ಬರೇ ನಡದು, ಬಾಯಿ ಕಟ್ಟಿ ಒಬ್ಬ ಹೆಣ್ಣಮಗಳು ಇಷ್ಟ ಮಾಡ್ಯಾಳಂತ ನಾಕು ಊರಾಗ ಹೇಳತೀನಿ. ಕೂಡ್ರಿ, ಒಂದೈದು ನಿಮಿಷಕ್ಕ ಕರಸ್ತೀನಿ. ನಿಮ್ಮ ಊಟ, ನಡಿಗಿ ಎಲ್ಲಾ ಬರಕೋಬೇಕು."

ಡಾಕ್ಟರು ಒಳಗೆ ಹೋದರು. ಶಾಂತವ್ವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಚೀಲದಿಂದ ಒಂದು ಸ್ಟೀಲಿನ ಡಬ್ಬಿ ತೆಗೆದಳು. ಒಳಗೆ ಮಾದಲಿ. ಗೋಧಿ ಹಿಟ್ಟು, ಬೆಲ್ಲ, ಗಸಗಸೆ, ಏಲಕ್ಕಿ. ನಿನ್ನೆ ಕುಟ್ಟಿದ್ದು ಅದನ್ನೇ.

"ಒಂದ ವರ್ಷ ಆತಕ್ಕ, ನಾಲಗಿ ಮ್ಯಾಲ ಬೆಲ್ಲ ಇಟ್ಟಿಲ್ಲ. ಗೆದ್ದರ ಇಲ್ಲೇ ತಿನ್ನಬೇಕು, ಸೋತರ ಇಲ್ಲೇ ಯಾರಿಗರ ಕೊಟ್ಟ ಹೋಗಬೇಕಂತ ಮಾಡಿದ್ನಿ" ಎಂದಳು. ಒಂದು ಹಿಡಿ ತೆಗೆದು ನನ್ನ ಬಾಯಿಯ ಹತ್ತಿರ ತಂದಳು. "ಮೊದಲನೇ ತುತ್ತ ನಿನಗ. ನೀ ಡಾಕ್ಟರನ್ನ ಕರಕೊಂಡ ಬರದಿದ್ರ ನಾ ಯಾವಾಗ ಎಚ್ಚರಾಗತಿದ್ನಿ?"

ಬಾಯಿ ತೆರೆದು ತಿಂದುಬಿಟ್ಟಿದ್ದರೆ ಇವತ್ತಿಗೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ನಾಲ್ಕು ಊರಲ್ಲಿ ಹೇಳುತ್ತಿದ್ದರು. ಆಗದ ಇಳಿಕೆಯನ್ನು ನಂಬಿ ಯಾರೋ ನಡೆಯುತ್ತಿದ್ದರು, ಇಳಿಯದಿದ್ದಾಗ ತಮ್ಮದೇ ತಪ್ಪು ಎಂದುಕೊಳ್ಳುತ್ತಿದ್ದರು. ಹೇಳಿದರೆ ಶಾಂತವ್ವನ ಒಂದು ವರ್ಷದ ಗೆಲುವು ಇಲ್ಲೇ ಬೆಂಚಿನ ಮೇಲೆ ಮುಗಿಯುತ್ತಿತ್ತು. ಅವಳ ಬೆರಳಿಂದ ಮಾದಲಿ ನನ್ನ ಮಡಿಲಿಗೆ ಉದುರುತ್ತಿತ್ತು.

"ನಾ ತಿನ್ನಾಂಗಿಲ್ಲ ಶಾಂತಾ. ನನಗ ಸಕ್ಕರಿ ಐತಿ" ಎಂದೆ. ಮತ್ತೆ ಉಳಿದದ್ದನ್ನೆಲ್ಲ ಹೇಳಿದೆ. ಅಮವಾಸ್ಯೆ, ಟ್ಯೂಬು, ಒಳಗಿನ ಕೋಣೆ, ಎಡಗೈ. ತಲೆ ಎತ್ತಲಿಲ್ಲ.

ಅವಳು ಹಿಡಿಯಲ್ಲಿದ್ದದ್ದನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. "ಅಂದ್ರ ನನಗ ಏನೂ ಆಗಿರಲಿಲ್ಲ" ಎಂದಳು.

"ಇಲ್ಲ."

"ನಿಮ್ಮವ್ವನ ಕಾಲು ನನ್ನ ಕನಸಿನ್ಯಾಗ ಬರತಿತ್ತು. ನಿನಗ ಹೇಳಿದ್ನಿಲ್ಲ?"

"ಹೇಳಿದ್ದಿ."

"ಯಾಕ ಮಾಡಿದೆಕ್ಕ? ನಲವತ್ತ ಮಂದಿ ತುಂಬಸಾಕೇನ?"

ಹೌದು ಎನ್ನಬಹುದಿತ್ತು. ಅವಳೇ ನನಗೊಂದು ದಾರಿ ಬಿಟ್ಟುಕೊಟ್ಟಿದ್ದಳು. "ಅಲ್ಲ" ಎಂದೆ. "ಡಾಕ್ಟರು ಸಾಕು ಅಂದಿದ್ರು. ನನಗ ಐತೋ ಇಲ್ಲೋ ನೋಡಬೇಕಿತ್ತು. ನೋಡಿದ್ದು ಯಾರಿಗೂ ಗೊತ್ತಾಗಬಾರದಾಗಿತ್ತು. ಬಂದ್ರ ನನ್ನ ಹೆಸರಿನ ಮ್ಯಾಲ ಬರಬಾರದಾಗಿತ್ತು."

ಅವಳು ಡಬ್ಬಿಯನ್ನು ನಮ್ಮಿಬ್ಬರ ನಡುವೆ ಬೆಂಚಿನ ಮೇಲಿಟ್ಟಳು. ಬೈದಿದ್ದರೆ, ಎರಡು ಏಟು ಹಾಕಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ನರ್ಸು ಪರದೆ ಸರಿಸಿ, "ಶಾಂತವ್ವ, ಶಾಂತವ್ವ ಯಾರ್ರಿ?" ಎಂದು ಕೂಗಿದಳು. ಶಾಂತವ್ವ ಕದಲಲಿಲ್ಲ. ನರ್ಸು ಮತ್ತೆ ಕೂಗಿದಳು. ಶಾಂತವ್ವ ಎದುರಿನ ಗೋಡೆ ನೋಡುತ್ತಲೇ ನನಗೆ ಹೇಳಿದಳು. "ಏಳು. ನಿನ್ನ ಕರ್ಯಾಕತ್ತಾರ."

ನಾನು ಎದ್ದು ಒಳಗೆ ಹೋದೆ.

ಡಾಕ್ಟರ್ ರೇಖಾ ಪೂರ್ತಿ ಕೇಳಿದರು. ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಯಂತ್ರ ಕೆಲವೇ ನಿಮಿಷದಲ್ಲಿ ಹೇಳಿದ್ದನ್ನು ನಾನು ಒಂದು ವರ್ಷ ಮುಚ್ಚಿಟ್ಟಿದ್ದೆ ಎಂದು ಅವರು ಅನ್ನಲಿಲ್ಲ, ನನಗೇ ಅನಿಸಿತು. "ಶಾಂತವ್ವಾರ ಹೆಸರಿನ ಎರಡೂ ರಿಪೋರ್ಟ ತಗೀಬೇಕಾಗತೈತಿ. ನಿಮ್ಮ ಲ್ಯಾಬಿಗೂ ತಿಳಸ್ತೀನಿ" ಎಂದರು. ಮತ್ತೆ ಹೊಸ ಸೂಜಿ ತೆಗೆದು, "ತೋಳ ಮ್ಯಾಲ ಮಾಡ್ರಿ" ಎಂದರು. ತಾವೇ ರಕ್ತ ತೆಗೆದರು. ಟ್ಯೂಬನ್ನೂ ಪೆನ್ನನ್ನೂ ನನ್ನ ಮುಂದೆ ಸರಿಸಿ ಹೆಸರು ಬರೆಯಲು ಹೇಳಿದರು. ನನ್ನ ಹೆಸರಿನ ನಾಲ್ಕು ಅಕ್ಷರಗಳನ್ನು ಮೊದಲ ಸಲ ತಪ್ಪು ಬರೆದೆ. ಎರಡನೆಯ ಲೇಬಲ್ಲು ಬೇಕಾಯಿತು.

ಅವತ್ತೇ ಔಷಧಿ ಶುರುವಾಯಿತು. ಕಣ್ಣು, ಕಾಲು, ಮೂತ್ರಪಿಂಡ ಎಲ್ಲ ನೋಡಿ, ಇನ್ನೂ ಕೆಟ್ಟಿಲ್ಲ, ಆದರೆ ಕಳೆದ ವರ್ಷವೇ ಬಂದಿದ್ದರೆ ಬೇರೆ ಮಾತಿತ್ತು ಎಂದರು. ಆ ವರ್ಷ ಎಲ್ಲಿ ಹೋಯಿತು ಎಂದು ನನಗೆ ಗೊತ್ತಿತ್ತು. ಹೊರಗೆ ಬಂದಾಗ ಶಾಂತವ್ವ ಇರಲಿಲ್ಲ. ಒಬ್ಬಳೇ ಬಸ್ಸು ಹತ್ತಿ ಹೋಗಿದ್ದಳು. ಬೀಳಗಿಯ ಮುದುಕಿಯ ಮಡಿಲಲ್ಲಿ ಸ್ಟೀಲಿನ ಡಬ್ಬಿ ಇತ್ತು.

ಮನೆಯಲ್ಲಿ ನಾನೇ ಹೇಳಿದೆ. ಗಂಡ ಎದ್ದು ಮಗ್ಗದ ಕೋಣೆಗೆ ಹೋದರು. ಅತ್ತೆ ನನ್ನ ಕಡೆ ತಿರುಗಿದರು. "ಅಮಾಸಿ ದಿನ ಮನಿ ಸೊಸಿ ರಕ್ತ ಹೋಗಬಾರದು ಅಂದಿದ್ನಿ. ಹೋಗೇ ಹೋತು ನೋಡು" ಎಂದು ಒಳಗೆ ಹೋದರು. ಮರುದಿನದಿಂದ ಬೇರೆ ತಾಟು ನನ್ನ ಮುಂದೆ ಬಂತು. ಅದೇ ತಾಟು. ಲ್ಯಾಬಿನವರು ಕೆಲಸದಿಂದ ತೆಗೆಯಲಿಲ್ಲ, ರಕ್ತ ತೆಗೆಯುವುದನ್ನು ಬಿಡಿಸಿ ಚೀಟಿ ಬರೆಯಲು ಕೂರಿಸಿದರು. ಕೆಲವು ತಿಂಗಳ ಮೇಲೆ ಮತ್ತೆ ಸೂಜಿ ಕೊಟ್ಟರು. ಈಗ ನಾನು ರಕ್ತ ತೆಗೆದ ಮೇಲೇ ಹೆಸರು ಕೇಳುತ್ತೇನೆ, ಗುರುತಿನವರಾದರೂ ಅವರ ಬಾಯಿಂದಲೇ ಹೇಳಿಸಿ ಬರೆಯುತ್ತೇನೆ. ಜನ ನಗುತ್ತಾರೆ.

ಶಾಂತವ್ವ ಮೂರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಬೆಲ್ಲ ತಿನ್ನಲು ಶುರು ಮಾಡಿದಳು, ಓಣಿಯವರು ಮತ್ತೆ ಹೂರಣಕ್ಕೆ ಕರೆದರು. ಮುಂಜಾನೆಯ ನಡಿಗೆಯನ್ನು ಮಾತ್ರ ಬಿಡಲಿಲ್ಲ. ನನಗೂ ನಡೆಯಲು ಹೇಳಿದ್ದರು. ಅವಳು ಹೊರಟು ಸ್ವಲ್ಪ ಹೊತ್ತಾದ ಮೇಲೆ ನಾನು ಹೊರಡುತ್ತಿದ್ದೆ. ರಬಕವಿ ರಸ್ತೆಯಲ್ಲಿ ಅವಳ ಬೆನ್ನು ಕಾಣುವಷ್ಟು ದೂರದಲ್ಲಿ ನಡೆಯುತ್ತಿದ್ದೆ. ಎಷ್ಟೋ ದಿನ ನನಗೆ ಏಳಲು ಮನಸ್ಸೇ ಬರುತ್ತಿರಲಿಲ್ಲ, ಮಲಗಿಯೇ ಇರುತ್ತಿದ್ದೆ.

ಅಂಥದ್ದೇ ಒಂದು ಮುಂಜಾನೆ ಅಂಗಳದಿಂದ ಅವಳ ದನಿ ಕೇಳಿತು. ಇಪ್ಪತ್ತು ವರ್ಷ ಅಕ್ಕಾ ಎಂದು ಕರೆದ ದನಿ. ಆ ಶಬ್ದವನ್ನು ಅವಳು ಜಮಖಂಡಿಯ ಬೆಂಚಿನ ಮೇಲೇ ಬಿಟ್ಟು ಬಂದಿದ್ದಾಳೆ, ಇನ್ನೂ ತಂದಿಲ್ಲ.

"ಶಾಂತವ್ವಾ, ಎದ್ದೀ ಏನ?" ಎಂದು ತನ್ನದೇ ಹೆಸರಿನಿಂದ ನನ್ನನ್ನು ಕೂಗಿದಳು.

ಅತ್ತೆ ಕಸಬರಿಗೆ ಹಿಡಿದು ಅಲ್ಲೇ ನಿಂತಿದ್ದರು. ಗಂಡ, ಮೈದುನ ಇಬ್ಬರೂ ಕೇಳಿಸಿಕೊಂಡರು. ಯಾರೂ ನಗಲಿಲ್ಲ. ಈಗ ದಿನವೂ ಹಾಗೇ ಕೂಗುತ್ತಾಳೆ, ಚಪ್ಪಲಿ ಮೆಟ್ಟಿಕೊಂಡು ನಾನು ಬರುವವರೆಗೆ ಬಾಗಿಲಲ್ಲಿ ನಿಲ್ಲುತ್ತಾಳೆ. ನಾನು ಒಳಗಿನಿಂದ, "ಎದ್ದೀನಿ" ಎನ್ನುತ್ತೇನೆ.